ಟರ್ಕಿ ಕೋಳಿಗೆ ಇಟ್ಟಿದ್ದ ಶಾಕು

ರಾತ್ರಿ ಊಟ ಆದ ಮೇಲೆ ನಾವು ಎಂಥ ವಿಡಿಯೋ ನೋಡ್ತೀವಿ ಅಂತ ಮನೆಯವರು ಕೇಳಿದರೆ ಉತ್ತರ ಕೊಡೋದು ಸ್ವಲ್ಪ ಕಷ್ಟ. ಯಾವನೋ ಒಬ್ಬ ತನ್ನ ಶೆಡ್ಡಿನಲ್ಲಿ ಹಳೇ ಮೈಕ್ರೋವೇವ್ ಬಿಚ್ಚಿ ಅದರ ಟ್ರಾನ್ಸ್‌ಫಾರ್ಮರ್‌ನಿಂದ ಕಿಡಿ ಹಾರಿಸ್ತಾನೆ. ಇನ್ನೊಬ್ಬ ಸೈಕಲ್ಲಿಗೆ ಜೆಟ್ ಎಂಜಿನ್ ಕಟ್ಟಿಕೊಂಡು ಹೊರಡ್ತಾನೆ. ಮತ್ತೊಬ್ಬ ಪಾಠ ಮಾಡ್ತಾ ಮಾಡ್ತಾ ಬೇಕಂತಲೇ ಶಾಕ್ ಹೊಡೆಸಿಕೊಂಡು ಕುರ್ಚಿಯಿಂದ ಬೀಳ್ತಾನೆ. ದೇವರಾಜ ಮೊಹಲ್ಲಾದ ನಮ್ಮ ರೂಮಿನಲ್ಲಿ ನಾಲ್ಕು ಜನ ಒಂದೇ ಫೋನಿಗೆ ಬಗ್ಗಿ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀವಿ. ಇಬ್ಬರು ಇವನು ಹುಚ್ಚ ಅಂತಾರೆ. ಒಬ್ಬ ಎಲ್ಲಾ ಫೇಕು ಅಂತಾನೆ. ನಾಲ್ಕನೆಯವನು ಏನೂ ಮಾತಾಡಲ್ಲ. ನಮಗೆ ಭಯ ಇರೋದು ಅವನ ಬಗ್ಗೆನೇ, ಯಾಕಂದ್ರೆ ಅವನು ಮನಸ್ಸಿನಲ್ಲೇ ಸಾಮಾನಿನ ಪಟ್ಟಿ ಮಾಡ್ತಿರ್ತಾನೆ.

ಈ ನಗು, ಈ ಬೈಗುಳ, ಈ ಮೌನ ಯಾವುದೂ ಹೊಸದಲ್ಲ. ಸುಮಾರು 275 ವರ್ಷಗಳ ಹಿಂದೆ ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನವನು ತನ್ನ ಮನೆಯಲ್ಲೇ ಇದನ್ನೆಲ್ಲ ಮಾಡಿದ್ದ. ನೋಡೋಕೆ ಊರಿಗೆ ಊರೇ ಬರ್ತಿತ್ತು. ಅವನ ಹೆಸರು ಬೆಂಜಮಿನ್ ಫ್ರಾಂಕ್ಲಿನ್. ಸ್ಕೂಲ್ ಪುಸ್ತಕದಲ್ಲಿ ಗಾಳಿಪಟ ಹಿಡ್ಕೊಂಡು ನಿಂತಿರ್ತಾನಲ್ಲ, ನೂರು ಡಾಲರ್ ನೋಟಿನ ಮೇಲೆ ತುಟಿ ಬಿಗಿಹಿಡಿದು ಕೂತಿರ್ತಾನಲ್ಲ, ಅವನೇ. ಅಷ್ಟು ದೊಡ್ಡ ಮನುಷ್ಯನನ್ನು ಅವರು ಅನ್ನಬೇಕು, ಗೊತ್ತು. ಆದರೆ ಅವನ ಕಥೆ ಓದ್ತಾ ಓದ್ತಾ ನಮಗೆ ಅವನು ಪಕ್ಕದ ರೂಮಿನವನೇ ಆಗಿಬಿಟ್ಟ. ಹಾಗಾಗಿ ಏಕವಚನ, ಕ್ಷಮಿಸಿ.

ಹುಟ್ಟಿದ್ದು 1706ರ ಜನವರಿ 17, ಬಾಸ್ಟನ್‌ನಲ್ಲಿ. ಅಪ್ಪ ಸೋಪು ಮತ್ತು ಮೇಣದಬತ್ತಿ ಮಾಡಿ ಮಾರುತ್ತಿದ್ದ. ಮನೆ ತುಂಬ ಮಕ್ಕಳು, ಇವನು ಹದಿನೈದನೆಯವನು. ಶಾಲೆಗೆ ಹೋಗಿದ್ದು ಎರಡೇ ವರ್ಷ, ಹತ್ತನೇ ವಯಸ್ಸಿಗೆ ಅದೂ ಮುಗೀತು. ಹನ್ನೆರಡಕ್ಕೆ ಅಣ್ಣ ಜೇಮ್ಸ್‌ನ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ. ಅಣ್ಣ ಪತ್ರಿಕೆ ನಡೆಸ್ತಿದ್ದ, ಆದರೆ ತಮ್ಮನ ಬರಹ ಹಾಕ್ತಿರಲಿಲ್ಲ. 1722ರಲ್ಲಿ ಹದಿನಾರು ವರ್ಷದ ಬೆನ್ ಏನು ಮಾಡಿದ ಗೊತ್ತಾ? ವಿಧವೆಯೊಬ್ಬಳ ಹೆಸರಿನಲ್ಲಿ ಪತ್ರ ಬರೆದು ರಾತ್ರಿ ಹೊತ್ತು ಪ್ರೆಸ್ಸಿನ ಬಾಗಿಲ ಕೆಳಗೆ ತಳ್ಳಿದ. ಹೀಗೆ ಹದಿನಾಲ್ಕು ಪತ್ರ ಅಚ್ಚಾದವು. ಅಣ್ಣ ಮತ್ತು ಅಣ್ಣನ ಸ್ನೇಹಿತರು ಅದನ್ನು ಓದಿ ಹೊಗಳುವಾಗ ಇವನು ಅಲ್ಲೇ ಮೂಲೆಯಲ್ಲಿ ಅಚ್ಚಿನ ಮೊಳೆ ಜೋಡಿಸ್ತಾ ಕೇಳಿಸ್ಕೊಳ್ತಿದ್ದ. ಇವತ್ತಿನ ಭಾಷೆಯಲ್ಲಿ ಫೇಕ್ ಅಕೌಂಟ್. ಜನ ಯಾವುದಕ್ಕೆ ನಗ್ತಾರೆ, ಯಾವುದನ್ನು ನಂಬ್ತಾರೆ ಅನ್ನೋದನ್ನ ಅವನು ಕಲಿತದ್ದು ಅಲ್ಲಿ ಅಂತ ನಮ್ಮ ಅನಿಸಿಕೆ.

ಮರುವರ್ಷ ಅಣ್ಣನ ಜೊತೆ ಜಗಳ ಆಡಿ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಬೇಗ ಹೇಳಿಬಿಡ್ತೀವಿ: ಸ್ವಂತ ಪ್ರೆಸ್ಸು, ಸ್ವಂತ ಪತ್ರಿಕೆ, ಡೆಬೊರಾ ಜೊತೆ ಸಂಸಾರ, ಪ್ರತಿ ವರ್ಷ ಸಾವಿರಾರು ಪ್ರತಿ ಮಾರಾಟವಾಗುತ್ತಿದ್ದ ಪಂಚಾಂಗ, ಗ್ರಂಥಾಲಯ, ಬೆಂಕಿ ಆರಿಸುವ ತಂಡ, ಕಡಿಮೆ ಸೌದೆಯಲ್ಲಿ ಹೆಚ್ಚು ಕಾವು ಕೊಡುವ ಒಲೆ. 1748ರಲ್ಲಿ, 42ನೇ ವಯಸ್ಸಿಗೆ, ಪ್ರೆಸ್ಸನ್ನು ಪಾಲುದಾರನಿಗೆ ವಹಿಸಿ ಕೆಲಸದಿಂದ ಬಿಡುಗಡೆ ಪಡೆದ. ಕಾರಣ ಒಂದೇ, ತಲೆಗೆ ಕರೆಂಟ್ ಹತ್ತಿತ್ತು.

ಆ ಕಾಲದಲ್ಲಿ ಎಲೆಕ್ಟ್ರಿಸಿಟಿ ಅಂದರೆ ವಿಜ್ಞಾನಕ್ಕಿಂತ ಜಾಸ್ತಿ ಜಾತ್ರೆ. ಗಾಜಿನ ಕೊಳವೆ ಉಜ್ಜಿ ಕಿಡಿ ತೆಗೀತಿದ್ದರು. ರೇಷ್ಮೆ ಹಗ್ಗದಲ್ಲಿ ಹುಡುಗನನ್ನು ಅಡ್ಡಡ್ಡ ತೂಗುಹಾಕಿ, ಅವನಿಗೆ ಚಾರ್ಜ್ ಕೊಟ್ಟು, ಮೂಗಿನ ತುದಿಯಿಂದ ಕಿಡಿ ಹಾರಿಸ್ತಿದ್ದರು. 1745-46ರ ಹೊತ್ತಿಗೆ ಲೈಡನ್ ಜಾಡಿ ಬಂತು. ಗಾಜಿನ ಜಾಡಿ, ಒಳಗೊಂದು ವಾಹಕ, ಹೊರಗೊಂದು ವಾಹಕ. ಅಂದರೆ ಪ್ರಪಂಚದ ಮೊದಲ ಕೆಪಾಸಿಟರ್. ಅದರ ಹೊಡೆತ ತಿಂದ ಹಾಲೆಂಡಿನ ಪ್ರೊಫೆಸರ್ ಮುಶೆನ್‌ಬ್ರೂಕ್, ಇಡೀ ಫ್ರಾನ್ಸ್ ದೇಶವನ್ನೇ ಕೊಟ್ಟರೂ ಇನ್ನೊಂದು ಸಲ ಇದನ್ನು ಮುಟ್ಟಲ್ಲ, ನೀವೂ ಮಾಡಬೇಡಿ ಅಂತ ಅರ್ಥ ಬರುವ ಪತ್ರ ಬರೆದ. ಪರಿಣಾಮ ಊಹಿಸಬಹುದು. ಯುರೋಪಿನಲ್ಲಿ ಎಲ್ಲರೂ ಅದನ್ನೇ ಮಾಡಿದರು. ಪ್ಯಾರಿಸ್ಸಿನ ಪಾದ್ರಿ ನೊಲ್ಲೆ ರಾಜನ ಮುಂದೆ 180 ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ ಒಟ್ಟಿಗೆ ಶಾಕ್ ಕೊಟ್ಟ. ಎಲ್ಲರೂ ಒಂದೇ ಸಲಕ್ಕೆ ಎಗರಿದರು, ರಾಜ ಖುಷಿಪಟ್ಟ. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ ಅಂತ ವಿಡಿಯೋ ಶುರುವಿನಲ್ಲಿ ಹಾಕ್ತಾರಲ್ಲ, ಅದರ ಫಲ ಆಗಲೂ ಇಷ್ಟೇ ಇತ್ತು.

ಫ್ರಾಂಕ್ಲಿನ್‌ಗೆ ಲಂಡನ್ನಿನ ಗೆಳೆಯ ಪೀಟರ್ ಕಾಲಿನ್ಸನ್ ಕಡೆಯಿಂದ ಒಂದು ಗಾಜಿನ ಕೊಳವೆ ಬಂತು. ಅಷ್ಟೇ ಬೇಕಿತ್ತು. ಮನೆ ತುಂಬ ಜನ. ನೋಡಲು ಬಂದವರ ಕಾಟ ತಡೆಯಲಾರದೆ ಅವನು ಅಂಥದೇ ಕೊಳವೆಗಳನ್ನು ಮಾಡಿಸಿ ಗೆಳೆಯರಿಗೆ ಹಂಚಿದ, ಜನ ಅವರ ಮನೆಗೂ ಸ್ವಲ್ಪ ಹೋಗಲಿ ಅಂತ! ಕೆಲಸವಿಲ್ಲದೆ ಕೂತಿದ್ದ ನೆರೆಯವನೊಬ್ಬ, ಎಬೆನೆಜರ್ ಕಿನ್ನರ್ಸ್‌ಲಿ, ಇದನ್ನೇ ಊರೂರು ತಿರುಗಿ ಟಿಕೆಟ್ ಇಟ್ಟು ತೋರಿಸಿ ಜೀವನ ಕಟ್ಟಿಕೊಂಡ.

ಆಟಗಳು ಒಂದಾ ಎರಡಾ. ರಾಜನ ಚಿತ್ರದ ಮೇಲೆ ಒಂದು ಚಿನ್ನದ ಬಣ್ಣದ ಕಿರೀಟ, ಹಿಂದುಗಡೆ ಗುಟ್ಟಾಗಿ ಚಾರ್ಜ್. ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಕಿರೀಟ ಎತ್ತಲು ಹೋದವನಿಗೆ ಫಟ್ ಅಂತ ಹೊಡೀತಿತ್ತು. ರಾಜದ್ರೋಹಕ್ಕೆ ಶಿಕ್ಷೆ ಅಂತ ತಮಾಷೆ. (ಮುಂದೆ ಇದೇ ಫ್ರಾಂಕ್ಲಿನ್ ಆ ರಾಜವಂಶದ ಕಿರೀಟದ ಕೈಯಿಂದ ಇಡೀ ಅಮೆರಿಕವನ್ನೇ ಬಿಡಿಸಿದವರಲ್ಲಿ ಒಬ್ಬನಾದ, ಅದು ಬೇರೆ ವಿಷಯ.) 1749ರಲ್ಲಿ ನದಿ ದಡದಲ್ಲಿ ಒಂದು ಪಿಕ್‌ನಿಕ್ ಪ್ಲಾನ್ ಬರೆದ: ನದಿಯ ಆ ದಡದಿಂದ ಈ ದಡಕ್ಕೆ ನೀರಿನ ಮೂಲಕವೇ ಕಿಡಿ ಕಳಿಸಿ ಮದ್ಯಕ್ಕೆ ಬೆಂಕಿ ಹಚ್ಚೋದು, ಟರ್ಕಿ ಕೋಳಿಯನ್ನು ಶಾಕಿನಿಂದ ಕೊಲ್ಲೋದು, ಎಲೆಕ್ಟ್ರಿಕ್ ಚಕ್ರದಿಂದ ತಿರುಗುವ ಸಲಾಕೆಯಲ್ಲಿ ಅದನ್ನು ಸುಡೋದು, ಚಾರ್ಜ್ ಆದ ಲೋಟದಲ್ಲಿ ಕುಡಿಯೋದು. ಕುಡಿಯಲು ತುಟಿ ಇಟ್ಟವನಿಗೆ ಸಣ್ಣ ಏಟು.

ನಗುವಿನ ನಡುವೆಯೇ ಕೆಲಸವೂ ಆಗ್ತಿತ್ತು, ಇದನ್ನು ಮರೆಯಬಾರದು. ಪ್ಲಸ್ ಮತ್ತು ಮೈನಸ್ ಚಾರ್ಜ್ ಅನ್ನೋ ಮಾತು ಅವನದು. ಜಾಡಿಯ ಒಳಗೆ ಎಷ್ಟು ಹೆಚ್ಚಾಗುತ್ತೋ ಹೊರಗೆ ಅಷ್ಟೇ ಕಮ್ಮಿ ಆಗುತ್ತೆ, ಚಾರ್ಜ್ ಹೊಸದಾಗಿ ಹುಟ್ಟಲ್ಲ ಅಂತ ಕಂಡುಕೊಂಡದ್ದೂ ಅವನೇ. ಸಾಲಾಗಿ ಜೋಡಿಸಿದ ಕೆಪಾಸಿಟರ್‌ಗಳಿಗೆ ಬ್ಯಾಟರಿ ಅಂತ ಹೆಸರಿಟ್ಟ. ಪ್ಲಸ್ ಯಾವ ಕಡೆ ಅನ್ನೋದನ್ನ ಊಹೆ ಮಾಡಿದ, ಊಹೆ ಉಲ್ಟಾ ಆಯ್ತು. ಅದಕ್ಕೇ ನಾವು ಇವತ್ತಿಗೂ ಸರ್ಕ್ಯೂಟಿನಲ್ಲಿ ಕರೆಂಟಿನ ಬಾಣವನ್ನು ಒಂದು ಕಡೆ ಬರೆದು, ಎಲೆಕ್ಟ್ರಾನ್ ಇನ್ನೊಂದು ಕಡೆ ಓಡುತ್ತೆ ಅಂತ ವೈವಾದಲ್ಲಿ ತಡವರಿಸೋದು. ಎಲೆಕ್ಟ್ರಾನ್ ಸಿಗೋಕೆ ಇನ್ನೂ ನೂರೈವತ್ತು ವರ್ಷ ಇತ್ತು, ಪಾಪ, ಅವನಾದರೂ ಏನು ಮಾಡ್ತಾನೆ.

ಈಗ ಟರ್ಕಿ ಕೋಳಿಗೆ ಬರೋಣ. 1750ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಎರಡು ದಿನ. ಮನೆಯಲ್ಲಿ ಸ್ನೇಹಿತರು ಸೇರಿದ್ದರು. ಶಾಕಿನಿಂದ ಕೊಂದ ಕೋಳಿಯ ಮಾಂಸ ಮೆತ್ತಗಿರುತ್ತೆ ಅನ್ನೋದು ಫ್ರಾಂಕ್ಲಿನ್ ವಾದ. ಎರಡು ದೊಡ್ಡ ಜಾಡಿ, ಸಾಧಾರಣ ಜಾಡಿಗಳಾಗಿದ್ದರೆ ನಲವತ್ತು ಬೇಕಾಗುತ್ತಿದ್ದಷ್ಟು ಚಾರ್ಜ್. ಎಲ್ಲ ರೆಡಿ. ಸುತ್ತ ನಿಂತವರು ಮಾತಾಡಿಸ್ತಿದ್ದರು, ಇವನೂ ಮಾತಿಗೆ ಮಾತು ಕೊಡ್ತಿದ್ದ. ಒಂದು ಕೈ ಜಾಡಿಗಳ ಮೇಲಿನ ತಂತಿಗೆ ಹೋಯ್ತು, ಇನ್ನೊಂದು ಕೈಯಲ್ಲಿ ಹೊರಮೈಗೆ ಸೇರಿದ್ದ ಸರಪಳಿ ಇತ್ತು. ಸರ್ಕ್ಯೂಟ್ ಪೂರ್ತಿ ಆಯ್ತು. ಕೋಳಿಯ ಜಾಗದಲ್ಲಿ ಇವನು!

ನೋಡಿದವರಿಗೆ ದೊಡ್ಡ ಬೆಳಕು ಕಾಣಿಸ್ತು, ಪಿಸ್ತೂಲಿನಂಥ ಸದ್ದು ಕೇಳಿಸ್ತು. ಇವನಿಗೆ ಎರಡೂ ಇಲ್ಲ. ತಲೆಯಿಂದ ಕಾಲಿನವರೆಗೆ ಒಂದೇ ಏಟು, ಆಮೇಲೆ ಮೈಯೆಲ್ಲ ಗಡಗಡ ನಡುಕ. ಎಚ್ಚರ ಬಂದು ಏನಾಯ್ತು ಅಂತ ಅರ್ಥ ಆಗಲು ಹೊತ್ತು ಹಿಡೀತು. ತೋಳು, ಕತ್ತಿನ ಹಿಂಭಾಗ ಮರುದಿನ ಬೆಳಗಿನವರೆಗೆ ಜೋಮು. ತಂತಿಗೆ ತಾಗಿದ್ದ ಕೈಯಲ್ಲಿ ಸಣ್ಣ ಊತ.

ನಾವು ಲೆಕ್ಕ ಹಾಕಿ ನೋಡಿದ್ವಿ, ಅಂದಾಜು ಲೆಕ್ಕ. ಒಂದು ಸಾಧಾರಣ ಲೈಡನ್ ಜಾಡಿ 1 ನ್ಯಾನೋಫ್ಯಾರಡ್, ವೋಲ್ಟೇಜ್ 30,000 ಅಂತಿಟ್ಟುಕೊಳ್ಳಿ. ಅರ್ಧ ಸಿ ವಿ ಸ್ಕ್ವೇರ್ ಹಾಕಿದರೆ 0.45 ಜೌಲ್. ನಲವತ್ತರಿಂದ ಗುಣಿಸಿದರೆ 18 ಜೌಲ್. ಕಂಪ್ಯೂಟರಿನ ಎಸ್‌ಎಂಪಿಎಸ್ ಬಿಚ್ಚಿದಾಗ ಕಾಣುವ 220 ಮೈಕ್ರೋಫ್ಯಾರಡ್‌ನ ಡಬ್ಬಿ ಕೆಪಾಸಿಟರ್ ಇದೆಯಲ್ಲ, 325 ವೋಲ್ಟಿಗೆ ಚಾರ್ಜ್ ಆಗಿದ್ದರೆ ಅದರಲ್ಲಿ ಸುಮಾರು 11.6 ಜೌಲ್. ಅಂದರೆ ಫ್ರಾಂಕ್ಲಿನ್‌ನನ್ನು ಕೆಡವಿದ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ನಮ್ಮ ಮೇಜಿನ ಕೆಳಗೇ ಕೂತಿದೆ. ಜಾಡಿಯಲ್ಲಾದರೂ ಒಂದು ಒಳ್ಳೆಯ ಗುಣ ಇತ್ತು, ಒಂದು ಏಟು ಕೊಟ್ಟು ಖಾಲಿ ಆಗ್ತಿತ್ತು. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಖಾಲಿ ಆಗಲ್ಲ. ಸುಮಾರು 2000 ವೋಲ್ಟ್, ಪ್ಲಗ್ ಕೀಳುವವರೆಗೆ ಕೊಡ್ತಾನೇ ಇರುತ್ತೆ. ಗೋಡೆಯ ಮೇಲಿನ ಆರ್‌ಸಿಸಿಬಿ ಟ್ರಿಪ್ ಆಗಿ ಕಾಪಾಡುತ್ತೆ ಅನ್ನೋರಿಗೆ ಒಂದು ಮಾತು: ನಿಮ್ಮ ಮೈಯಲ್ಲಿ ಹರಿದ ಕರೆಂಟು ಸೆಕೆಂಡರಿ ಸುರುಳಿಗೇ ವಾಪಸ್ ಹೋಗುತ್ತೆ, ಪ್ರೈಮರಿ ಕಡೆ ಫೇಸು ನ್ಯೂಟ್ರಲ್ಲು ಎರಡೂ ಸಮ. ಅದಕ್ಕೆ ಏನೂ ಗೊತ್ತೇ ಆಗಲ್ಲ. ಆ ಟ್ರಾನ್ಸ್‌ಫಾರ್ಮರ್‌ನಿಂದ ಮರದ ಹಲಗೆಯ ಮೇಲೆ ಮಿಂಚಿನ ಚಿತ್ರ ಸುಡುವ ವಿಡಿಯೋ ನೋಡಿ ಮಾಡಲು ಹೋದ ಎಷ್ಟೋ ಜನ ಅಮೆರಿಕದಲ್ಲಿ ಸತ್ತಿದ್ದಾರೆ. ನಾಲ್ಕನೆಯವನು ಇದನ್ನು ಓದಲಿ ಅಂತಲೇ ಬರೀತಿದ್ದೀವಿ.

ಆ ರಾತ್ರಿ ಆದದ್ದನ್ನು ಫ್ರಾಂಕ್ಲಿನ್ ಎರಡು ದಿನ ಬಿಟ್ಟು ಪತ್ರದಲ್ಲಿ ಬರೆದ. ನಮಗೆ ತುಂಬ ಹಿಡಿಸಿದ್ದು ಆ ಪತ್ರದ ಕೊನೆ. ಬಾಸ್ಟನ್ನಿನಲ್ಲಿ ಇದೇ ಪ್ರಯೋಗ ಮಾಡ್ತಿದ್ದ ಗೆಳೆಯ ಬೌಡನ್‌ಗೆ ಮಾತ್ರ ಎಚ್ಚರಿಕೆಗಾಗಿ ತೋರಿಸಿ, ಬೇರೆ ಯಾರಿಗೂ ಹೇಳಬೇಡಿ, ಇಂಥ ದಡ್ಡತನ ಮಾಡಿದ್ದಕ್ಕೆ ನಾಚಿಕೆ ಆಗ್ತಿದೆ ಅನ್ನೋ ಅರ್ಥದ ಮಾತು. ನಗೆಪಾಟಲಾಗೋದು ಅವನಿಗೆ ಇಷ್ಟ ಇರಲಿಲ್ಲ. ಆದರೆ ಅದೇ ತಪ್ಪು ಮಾಡಬಹುದಾದ ಒಬ್ಬನಿಗಾದರೂ ಗೊತ್ತಾಗಲೇಬೇಕು ಅನ್ನೋದು ನಾಚಿಕೆಗಿಂತ ದೊಡ್ಡದಾಗಿತ್ತು.

ಗಾಳಿಪಟದ ಕಥೆಯಲ್ಲೂ ಇದೇ ನಗುವಿನ ಭಯ ಇದೆ. ಮಿಂಚು ಮತ್ತು ಜಾಡಿಯ ಕಿಡಿ ಒಂದೇ ಅಂತ ಅವನು ಕಳಿಸಿದ ಬರಹಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ದೊಡ್ಡವರು ನಕ್ಕಿದ್ದರು. 1751ರಲ್ಲಿ ಅದು ಪುಸ್ತಕವಾಗಿ ಬಂತು, ಫ್ರೆಂಚಿಗೆ ಹೋಯ್ತು. 1752ರ ಮೇ 10ರಂದು ಪ್ಯಾರಿಸ್ ಹತ್ತಿರದ ಮಾರ್ಲಿ ಎಂಬ ಹಳ್ಳಿಯಲ್ಲಿ, ಅವನು ಹೇಳಿದ ಹಾಗೇ ಸುಮಾರು 40 ಅಡಿಯ ಕಬ್ಬಿಣದ ಸಲಾಕೆ ನಿಲ್ಲಿಸಿದ್ದರು. ಗುಡುಗು ಬಂದಾಗ ಯಜಮಾನ ದಾಲಿಬಾರ್ ಊರಲ್ಲಿರಲಿಲ್ಲ, ಕಾವಲಿಗಿದ್ದ ಒಬ್ಬ ನಿವೃತ್ತ ಸಿಪಾಯಿ ಧೈರ್ಯ ಮಾಡಿ ಕಿಡಿ ತೆಗೆದ. ಹೆದರಿ ಪಾದ್ರಿಗೆ ಹೇಳಿಕಳಿಸಿದ. ಆಲಿಕಲ್ಲು ಮಳೆಯಲ್ಲಿ ಪಾದ್ರಿ ಓಡೋದನ್ನ ನೋಡಿ ಸಿಪಾಯಿ ಸತ್ತೇಹೋದ ಅಂದುಕೊಂಡು ಊರವರೆಲ್ಲ ಹಿಂದೆ ಓಡಿದರು. ಪಾದ್ರಿಯೂ ಕಿಡಿ ತೆಗೆದ, ಅವನ ತೋಳಿಗೂ ಒಂದು ಬಾಸುಂಡೆ ಬಿತ್ತು.

ಈ ಸುದ್ದಿ ಸಮುದ್ರ ದಾಟಿ ಬರೋ ಮೊದಲೇ, ಜೂನ್ ತಿಂಗಳಲ್ಲಿ, ಫ್ರಾಂಕ್ಲಿನ್ ಗಾಳಿಪಟ ಹಾರಿಸಿದ್ದ. ರೇಷ್ಮೆ ಕರವಸ್ತ್ರ, ಎರಡು ಕಡ್ಡಿ, ತುದಿಗೆ ಚೂಪು ತಂತಿ, ಸೆಣಬಿನ ದಾರ, ದಾರದ ಕೊನೆಗೆ ಬೀಗದ ಕೈ, ಕೈಯಲ್ಲಿ ಹಿಡಿಯೋಕೆ ರೇಷ್ಮೆ ಪಟ್ಟಿ. ರೇಷ್ಮೆ ಒದ್ದೆ ಆಗದ ಹಾಗೆ ಸೂರಿನ ಕೆಳಗೆ ನಿಂತಿದ್ದ. ಜೊತೆಗಿದ್ದವನು ಮಗ ವಿಲಿಯಂ ಒಬ್ಬನೇ. ಬೇರೆ ಯಾರಿಗೂ ಹೇಳಿರಲಿಲ್ಲ, ಕೆಲಸ ಆಗದಿದ್ದರೆ ಜನ ಆಡಿಕೊಂಡು ನಗ್ತಾರೆ ಅಂತ. ಪುಸ್ತಕದ ಚಿತ್ರದಲ್ಲಿರೋ ಹಾಗೆ ಗಾಳಿಪಟಕ್ಕೆ ಸಿಡಿಲು ಹೊಡೀಲಿಲ್ಲ. ಹೊಡೆದಿದ್ದರೆ ಈ ಲೇಖನ ಅಲ್ಲಿಗೇ ನಿಲ್ಲುತ್ತಿತ್ತು. ಮೋಡದಿಂದ ದಾರಕ್ಕೆ ಇಳಿದ ಚಾರ್ಜಿನಿಂದ ದಾರದ ಎಳೆಗಳು ನೆಟ್ಟಗೆ ನಿಂತವು, ಬೀಗದ ಕೈಗೆ ಬೆರಳ ಗಂಟು ತಂದಾಗ ಕಿಡಿ ಬಂತು, ಅಷ್ಟೇ.

ಅದೇ ವರ್ಷ ತನ್ನ ಮನೆಗೇ ಸಲಾಕೆ ಹಾಕಿಸಿದ. ಮೆಟ್ಟಿಲ ಹತ್ತಿರ ತಂತಿಯನ್ನು ತುಂಡು ಮಾಡಿ, ನಡುವೆ ಎರಡು ಗಂಟೆ, ಗಂಟೆಗಳ ಮಧ್ಯೆ ರೇಷ್ಮೆ ದಾರದಲ್ಲಿ ಒಂದು ಹಿತ್ತಾಳೆ ಗುಂಡು. ಮೋಡ ಚಾರ್ಜ್ ಆದಾಗಲೆಲ್ಲ ಗಂಟೆ ತಾನಾಗೇ ಬಾರಿಸ್ತಿತ್ತು. ಒಂದು ರಾತ್ರಿ ಗಂಟೆಗಳ ನಡುವೆ ಬೆರಳು ದಪ್ಪದ ಬಿಳಿ ಬೆಳಕು ಹರಿದು ಮೆಟ್ಟಿಲೆಲ್ಲ ಹಗಲಿನ ಹಾಗೆ ಬೆಳಗಿತಂತೆ. ಇವನಿಗೆ ಸಂತೋಷ. ಡೆಬೊರಾಗೆ? 1757ರಲ್ಲಿ ಇವನು ಲಂಡನ್ನಿಗೆ ಹೊರಟುಹೋದ, ಗಂಟೆ ಮನೆಯಲ್ಲೇ ಉಳೀತು. ಪ್ರತಿ ಗುಡುಗಿಗೂ ಒಬ್ಬಳೇ ಆ ಸದ್ದು ಕೇಳ್ತಾ ಕೂರಬೇಕು. ಹೆದರಿಕೆ ಆಗುತ್ತೆ ಅಂತ ಪತ್ರ ಬರೆದಳು. ಎರಡು ಗಂಟೆಗಳ ಮಧ್ಯೆ ಒಂದು ತಂತಿ ಕಟ್ಟಿಬಿಡು, ಸದ್ದು ನಿಲ್ಲುತ್ತೆ, ಕರೆಂಟು ಸುಮ್ಮನೆ ಇಳಿದುಹೋಗುತ್ತೆ ಅಂತ ಇವನು ಸಲಹೆ ಕಳಿಸಿದ. ಸಲಹೆ ಸರಿಯಾದದ್ದೇ, ಆದರೆ ಅಟ್ಲಾಂಟಿಕ್‌ನ ಆಚೆಯಿಂದ ಬರಬೇಕಿತ್ತು. ಮುಂದೆಯೂ ಹೆಚ್ಚು ವರ್ಷ ಅವನು ಆ ಕಡೆಯೇ ಇದ್ದ. 1774ರಲ್ಲಿ ಡೆಬೊರಾ ತೀರಿಕೊಂಡಾಗಲೂ ಅಲ್ಲೇ ಇದ್ದ. ಮನೆಯ ಪ್ರಯೋಗ ಅಂದಾಗ ಆ ಮನೆಯಲ್ಲಿ ಇನ್ನೂ ಯಾರ್ಯಾರು ಇರ್ತಾರೆ ಅನ್ನೋದು ವಿಡಿಯೋದಲ್ಲಿ ಕಾಣೋದೇ ಇಲ್ಲ.

ಒಬ್ಬ ಸತ್ತೂ ಹೋದ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರೊಫೆಸರ್ ಗಿಯೋರ್ಗ್ ರಿಚ್‌ಮನ್ ಚಾರ್ಜ್ ಅಳೆಯಲು ಮನೆಯಲ್ಲಿ ಸಲಾಕೆ ಇಟ್ಟುಕೊಂಡಿದ್ದ. ಅಳೆಯಬೇಕಾದರೆ ಅದಕ್ಕೆ ಅರ್ಥಿಂಗ್ ಇರಬಾರದು, ಅಪಾಯ ಇದ್ದದ್ದೇ ಅಲ್ಲಿ. 1753ರ ಆಗಸ್ಟ್ 6ರಂದು ಗುಡುಗು ಕೇಳಿ, ಚಿತ್ರ ಬರೆಯುವವನೊಬ್ಬನನ್ನು ಕರಕೊಂಡು ಅಕಾಡೆಮಿಯಿಂದ ಮನೆಗೆ ಓಡಿದ. ಉಪಕರಣದ ಹತ್ತಿರ ಬಗ್ಗಿದಾಗ ನೀಲಿ ಬೆಂಕಿಯ ಉಂಡೆ ಸಲಾಕೆಯಿಂದ ಅವನ ಹಣೆಗೆ ಹಾರಿತು. ಹಣೆಯ ಮೇಲೆ ಕೆಂಪು ಕಲೆ, ಒಡೆದ ಶೂ, ಕಿತ್ತುಹೋದ ಬಾಗಿಲು. ಚಿತ್ರಗಾರ ಕೆಳಗೆ ಬಿದ್ದ, ಬದುಕಿಕೊಂಡ. ಫ್ರಾಂಕ್ಲಿನ್‌ನ ಪತ್ರಿಕೆ ಈ ಸುದ್ದಿಯನ್ನು ಮುಚ್ಚಿಡಲಿಲ್ಲ, ಅಚ್ಚು ಹಾಕಿತು. ಸಲಾಕೆ ನೆಲಕ್ಕೆ ಸೇರಿರಬೇಕು ಅನ್ನೋ ವಿಷಯವನ್ನು ಅವನು 1753ರ ಪಂಚಾಂಗದಲ್ಲೇ, ರೈತರಿಗೂ ಅರ್ಥ ಆಗೋ ಹಾಗೆ ಬರೆದು ಹಂಚಿದ್ದ. ಪೇಟೆಂಟ್ ಮಾಡಿಸಲಿಲ್ಲ. ಅದಕ್ಕೂ ಪ್ರತಿಕ್ರಿಯೆ ಬಂತು: 1755ರಲ್ಲಿ ಬಾಸ್ಟನ್‌ನಲ್ಲಿ ಭೂಕಂಪ ಆದಾಗ, ಸಲಾಕೆಗಳು ಆಕಾಶದ ಸಿಡಿಲನ್ನು ನೆಲಕ್ಕೆ ತುಂಬಿದ್ದೇ ಕಾರಣ ಇರಬಹುದು ಅಂತ ಅಲ್ಲಿನ ಒಬ್ಬ ಧರ್ಮಗುರು ಬರೆದ. ನಗೋ ಮುಂಚೆ ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳೋಣ. ಗುಡುಗು ಬಂದರೆ ಅರ್ಜುನನ ಹತ್ತು ಹೆಸರು ಹೇಳು ಅಂತಾರೆ. ನಾವೂ ಹೇಳ್ತೀವಿ, ಜೊತೆಗೆ ಲ್ಯಾಪ್‌ಟಾಪ್ ಪ್ಲಗ್ಗೂ ಕೀಳ್ತೀವಿ.

ಆಮೇಲಿನ ಫ್ರಾಂಕ್ಲಿನ್ ರಾಜಕೀಯದವನು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ, ಪ್ಯಾರಿಸ್ಸಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿ ಕೂತ. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನೇ ಮುದಿವಯಸ್ಸಿನಲ್ಲಿ ಗುಲಾಮಗಿರಿಯ ವಿರುದ್ಧದ ಸಂಘಕ್ಕೆ ಅಧ್ಯಕ್ಷನಾದ. ಮೈಸೂರಿನವರಾಗಿ ನಾವು ಒಂದು ವಿಷಯ ಹೇಳದೇ ಬಿಡಲ್ಲ: ಅವನ ಊರು ಫಿಲಡೆಲ್ಫಿಯಾದವರು 1782ರಲ್ಲಿ ಬ್ರಿಟಿಷರ ಮೇಲೆ ಬಿಟ್ಟ ಒಂದು ಯುದ್ಧದ ಹಡಗಿನ ಹೆಸರು ಹೈದರ್ ಅಲಿ. ನಮ್ಮ ಹೈದರನದೇ ಹೆಸರು! ಏಪ್ರಿಲ್‌ನಲ್ಲಿ ಅದು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನೇ ಹಿಡಿದುಹಾಕಿತು. ಟಿಪ್ಪುವಿನ ರಾಯಭಾರಿಗಳು ಪ್ಯಾರಿಸ್ ತಲುಪಿದ್ದು 1788ರಲ್ಲಿ. ಫ್ರಾಂಕ್ಲಿನ್ 1785ಕ್ಕೇ ಅಲ್ಲಿಂದ ಹೊರಟಾಗಿತ್ತು. ಮೂರು ವರ್ಷದಲ್ಲಿ ತಪ್ಪಿಹೋಯ್ತು. ರಾಕೆಟ್ ಬಗ್ಗೆ ಆತ ಏನೇನು ಕೇಳ್ತಿದ್ದನೋ.

ಪ್ಯಾರಿಸ್ಸಿನಲ್ಲಿ 1784ರಲ್ಲಿ ಅವನಿಗೆ ಒಂದು ವಿಚಿತ್ರ ಕೆಲಸ ಬಂತು, ಅದರಲ್ಲಿ ನೋಡುಗರೇ ಪ್ರಯೋಗದ ವಸ್ತು. ಮೆಸ್ಮರ್ ಎಂಬ ವೈದ್ಯನ ಆಯಸ್ಕಾಂತ ಚಿಕಿತ್ಸೆಗೆ ಜನ ನಡುಗಿ ಮೂರ್ಛೆ ಹೋಗ್ತಿದ್ದರು. ನಿಜವಾ ಅಂತ ನೋಡಲು ರಾಜ ಸಮಿತಿ ಮಾಡಿದ. ಲವಾಸಿಯೆ ಕೂಡ ಅದರಲ್ಲಿದ್ದ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ಶಕ್ತಿ ತುಂಬಿದ್ದೇವೆ ಅಂತ ಹೇಳಿ, ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ಕರಕೊಂಡು ಹೋದರು. ಹುಡುಗ ಮೂರ್ಛೆ ಹೋದ, ಆದರೆ ಬೇರೆ ಮರದ ಕೆಳಗೆ. ತಾನು ಏನೋ ನೋಡ್ತಿದ್ದೀನಿ ಅನ್ನೋ ನಂಬಿಕೆಯೇ ಅವನನ್ನು ಕೆಡವಿತ್ತು.

ಹೋಮ್‌ಮೇಡ್ ಅಂದರೆ ಕಿಡಿಯೇ ಹಾರಬೇಕು ಅಂತೇನಿಲ್ಲ, ಇದನ್ನೂ ಸೇರಿಸಿಬಿಡ್ತೀವಿ. ನಮ್ಮ ಊರಲ್ಲೇ, ಇಲ್ಲಿಂದ ಸ್ವಲ್ಪ ದೂರದ ಒಂಟಿಕೊಪ್ಪಲಿನಲ್ಲಿ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋದದ್ದು ಆ ಮನೆಯಿಂದ.

ಫ್ರಾಂಕ್ಲಿನ್ 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಸುಮಾರು 20,000 ಜನ ಸೇರಿದ್ದರಂತೆ. ಉಯಿಲಿನಲ್ಲಿ ಬಾಸ್ಟನ್‌ಗೆ 1000 ಪೌಂಡ್, ಫಿಲಡೆಲ್ಫಿಯಾಕ್ಕೆ 1000 ಪೌಂಡ್ ಬಿಟ್ಟುಹೋದ. 200 ವರ್ಷ ಅದನ್ನು ಪೂರ್ತಿ ಖರ್ಚು ಮಾಡೋ ಹಾಗಿಲ್ಲ, ಕೆಲಸ ಕಲಿತು ಹೊಸದಾಗಿ ಸ್ವಂತ ಉದ್ಯೋಗ ಹಾಕುವ ಹುಡುಗರಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ಕೊಡಬೇಕು ಅಂತ ಬರೆದಿದ್ದ. ಮೊದಲ ನೂರು ವರ್ಷ ಆದ ಮೇಲೆ ಬಾಸ್ಟನ್ ತನ್ನ ಪಾಲಿನಿಂದ ಒಂದು ತಾಂತ್ರಿಕ ಶಾಲೆ ಕಟ್ಟಿತು, 1908ರಲ್ಲಿ ಅದು ಬಾಗಿಲು ತೆರೆಯಿತು. 1990ರಲ್ಲಿ ಲೆಕ್ಕ ಮುಗಿಸಿದಾಗ ಬಾಸ್ಟನ್ನಿನ ನಿಧಿಯಲ್ಲಿ ಸುಮಾರು 50 ಲಕ್ಷ ಡಾಲರ್ ಇತ್ತು. ಸಾಲಕ್ಕೆ ಷರತ್ತು ಇಷ್ಟು: ವಯಸ್ಸು 25ರೊಳಗೆ ಇರಬೇಕು, ಮದುವೆ ಆಗಿರಬೇಕು, ಒಳ್ಳೆಯ ನಡತೆ ಅಂತ ಊರಿನ ಇಬ್ಬರು ಜಾಮೀನು ಹಾಕಬೇಕು. ನಮ್ಮ ರೂಮಿನ ನಾಲ್ವರಲ್ಲಿ ಮೊದಲನೇ ಷರತ್ತು ಮಾತ್ರ ಎಲ್ಲರಿಗೂ ಹೊಂದುತ್ತೆ.